17 ಟಿಕೆಟ್ ಒಟ್ಟಿಗೆ ಶುರು ಮಾಡಿದ್ದೇ ನಿಮ್ಮ ತೊಂದರೆ

ಪ್ರಶ್ನೆ: ಬೆಳ್ಳಂದೂರಿನ ಒಂದು ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ನಮ್ಮದು 9 ಜನರ ಟೀಮ್. 6 ಡೆವಲಪರ್‌ಗಳು, 2 ಟೆಸ್ಟರ್‌ಗಳು, ಜೊತೆಗೆ ನಾನು. ಡೆವಲಪರ್‌ಗಳಲ್ಲಿ ಇಬ್ಬರು ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾರೆ. ಏನು ಮಾಡಬೇಕು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಇರುವುದು ಷಿಕಾಗೊದಲ್ಲಿ. ಎರಡು ವಾರದ ಸ್ಪ್ರಿಂಟ್, ಅಂದರೆ ಎರಡು ವಾರಕ್ಕೆ ಇಷ್ಟು ಕೆಲಸ ಅಂತ ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ಪ್ರತಿ ಸಲ 20 ಸ್ಟೋರಿ (ಬಿಡಿ ಕೆಲಸ) ತಗೊಳ್ಳುತ್ತೇವೆ, ಮುಗಿಯುವುದು 9 ಅಷ್ಟೇ. ಉಳಿದದ್ದು ಮುಂದಿನ ಸ್ಪ್ರಿಂಟ್‌ಗೆ ಉರುಳುತ್ತದೆ. ಬೆಳಗ್ಗೆ 9:30ರ ಸ್ಟ್ಯಾಂಡಪ್, ಅಂದರೆ ದಿನದ ಸಣ್ಣ ಮೀಟಿಂಗ್, 40 ನಿಮಿಷ ನಡೆಯುತ್ತದೆ. ಆದರೂ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಕೊನೆಯ ದಿನದವರೆಗೂ ಗೊತ್ತಾಗುವುದಿಲ್ಲ. ಎಲ್ಲರೂ ರಾತ್ರಿವರೆಗೆ ದುಡಿಯುತ್ತಿದ್ದಾರೆ. ಟೀಮ್‌ನಲ್ಲಿ ಹೊಂದಾಣಿಕೆ ಇಲ್ಲ ಅನ್ನುವುದು ಮ್ಯಾನೇಜರ್ ದೂರು. ಇನ್ನಿಬ್ಬರನ್ನು ಕೊಡುತ್ತೇನೆ, ಒಂದು ಹೊಸ ಟೂಲ್ ಹಾಕಿಸೋಣ, ದಿನಕ್ಕೆ ಎರಡು ಸ್ಟ್ಯಾಂಡಪ್ ಮಾಡಿ ಅನ್ನುತ್ತಿದ್ದಾರೆ. ಕೆಲಸಗಳನ್ನು ಕಾಲಂಗಳಲ್ಲಿ ತೋರಿಸುವ ನಮ್ಮ ಬೋರ್ಡಿನ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುವ ಮೊದಲೇ ಸ್ಕ್ರೀನ್‌ಶಾಟ್ ತೆರೆದೆ. ನನ್ನ ಹಳೇ ಚಾಳಿ ಅದು. ಪತ್ರ ಬರೆಯುವಾಗ ಜನರಿಗೆ ಸ್ವಲ್ಪ ಸಂಕೋಚ ಇರುತ್ತದೆ, ಬೋರ್ಡಿಗೆ ಅದೇನೂ ಇರುವುದಿಲ್ಲ. ಇನ್ ಪ್ರೋಗ್ರೆಸ್, ರಿವ್ಯೂ, ಟೆಸ್ಟಿಂಗ್, ಮೂರೂ ಕಾಲಂ ಸೇರಿಸಿ ಎಣಿಸಿದೆ. 17 ಟಿಕೆಟ್ ಇವೆ, ಅಂದರೆ ಶುರುವಾಗಿ ಇನ್ನೂ ಮುಗಿಯದ 17 ಕೆಲಸ. ಕೆಲಸ ಮಾಡುವವರು 8 ಜನ.

ಇಲ್ಲೇ ಒಂದು ಸಣ್ಣ ಲೆಕ್ಕ ಮಾಡೋಣ. 1961ರಲ್ಲಿ ಜಾನ್ ಲಿಟಲ್ ಅನ್ನುವ ಅಮೆರಿಕದ ಪ್ರೊಫೆಸರ್ ಒಂದು ಸೂತ್ರವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಬ್ಯಾಂಕಿನ ಸಾಲಿಗೂ ಅದು ಹೊಂದುತ್ತದೆ, ಆಸ್ಪತ್ರೆಯ ಓಪಿಡಿಗೂ ಹೊಂದುತ್ತದೆ. ಒಳಗೆ ಸರಾಸರಿ ಎಷ್ಟು ಕೆಲಸ ಇವೆ, ದಿನಕ್ಕೆ ಎಷ್ಟು ಮುಗಿದು ಹೊರಗೆ ಹೋಗುತ್ತವೆ, ಇವೆರಡು ಗೊತ್ತಿದ್ದರೆ ಸಾಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಸರಾಸರಿ ಎಷ್ಟು ದಿನ ಹಿಡಿಯುತ್ತದೆ ಅಂತ ಸಿಗುತ್ತದೆ. ನಿಮ್ಮಲ್ಲಿ ಎರಡು ವಾರಕ್ಕೆ, ಅಂದರೆ 10 ಕೆಲಸದ ದಿನಕ್ಕೆ, 9 ಮುಗಿಯುತ್ತವೆ. ದಿನಕ್ಕೆ 0.9. ಒಳಗಿರುವುದು 17. ಭಾಗಿಸಿ ನೋಡಿ, ಹತ್ತಿರ ಹತ್ತಿರ 19 ದಿನ ಬರುತ್ತದೆ.

ಒಂದು ಟಿಕೆಟ್‌ಗೆ 19 ಕೆಲಸದ ದಿನ. ನಿಮ್ಮ ಸ್ಪ್ರಿಂಟ್ ಇರುವುದೇ 10 ದಿನ. ಇನ್ನು ಉರುಳದೆ ಏನಾಗುತ್ತದೆ ಹೇಳಿ?

ಹಾಗಾಗಿ ನಿಮ್ಮ ಹುಡುಗರು ಸೋಮಾರಿಗಳಲ್ಲ. ಎಸ್ಟಿಮೇಟ್ ತಪ್ಪಿದ್ದೂ ಮುಖ್ಯ ಕಾರಣ ಅಲ್ಲ. ಅವರ ಮಧ್ಯೆ ಹೊಂದಾಣಿಕೆ ಇಲ್ಲ ಅನ್ನುವುದನ್ನೂ ನಾನು ಒಪ್ಪಲ್ಲ. ಒಟ್ಟಿಗೆ ತುಂಬಾ ಕೆಲಸ ತೆರೆದಿಟ್ಟಿದ್ದೀರಿ. 17 ಕೆಲಸಕ್ಕೆ ಬೇಕಾದಷ್ಟು ಹೊಂದಾಣಿಕೆಯನ್ನು 9 ಜನ ಮಾಡಿಕೊಳ್ಳೋಕೆ ಆಗಲ್ಲ, ಅಷ್ಟೇ. ತೆರೆದ ಕೆಲಸ ಕಡಿಮೆ ಮಾಡಿದರೆ ನೀವು ಬರೆದಿರುವ ಅರ್ಧ ತೊಂದರೆ ಮಾಯ ಆಗುತ್ತದೆ. ಉಳಿದರ್ಧಕ್ಕೆ ಸ್ವಲ್ಪ ಮೈಬಗ್ಗಿಸಬೇಕು. ಅದನ್ನೂ ಹೇಳ್ತೀನಿ.

ಮೊದಲು ಒಂದು ಟಿಕೆಟ್‌ನ ಕಥೆ ಕೇಳಿ. ಕೆಲವು ವರ್ಷದ ಹಿಂದೆ ಎಚ್‌ಎಸ್‌ಆರ್ ಲೇಔಟ್‌ನ ಒಂದು ಕಂಪನಿಯಲ್ಲಿ ಎರಡು ವಾರ ಕೂತಿದ್ದೆ. ಅಂಗಡಿಯವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರು. ಅವರದೂ ನಿಮ್ಮದೇ ದೂರು. ನಾನು ಯಾರ ಹಿಂದೆಯೂ ಹೋಗಲಿಲ್ಲ. ಒಂದು ಟಿಕೆಟ್‌ನ ಹಿಂದೆ ಹೋದೆ. ಬಿಲ್ಲಿನ ಮೇಲೆ ಗ್ರಾಹಕರ ಜಿಎಸ್‌ಟಿ ನಂಬರ್ ಪ್ರಿಂಟ್ ಆಗಬೇಕು, ಇಷ್ಟೇ ಕೆಲಸ. ಸೋಮವಾರ ಬೆಳಗ್ಗೆ ಒಬ್ಬ ಹುಡುಗ ತಗೊಂಡ. ಮೂರು ಗಂಟೆಯಲ್ಲಿ ಕೋಡ್ ಬರೆದ. ಮಂಗಳವಾರ ಟೆಸ್ಟ್ ಸೇರಿಸಿ ಪುಲ್ ರಿಕ್ವೆಸ್ಟ್ ಹಾಕಿದ, ಅಂದರೆ ಕೋಡ್ ನೋಡಿ ಸೇರಿಸಿಕೊಳ್ಳಿ ಅಂತ ಕೇಳಿದ. ಅಲ್ಲಿಂದ ಅದು ಗುರುವಾರ ಮಧ್ಯಾಹ್ನದವರೆಗೆ ಸುಮ್ನೆ ಕೂತಿತ್ತು. ರಿವ್ಯೂ ಮಾಡಬೇಕಾದವರು ಅವರದೇ ಟಿಕೆಟ್‌ನಲ್ಲಿ ಮುಳುಗಿದ್ದರು. ಕೊನೆಗೆ ಎರಡು ಕಾಮೆಂಟ್ ಬಂತು. ಅಷ್ಟರಲ್ಲಿ ಹುಡುಗ ಬೇರೆ ಕೆಲಸ ಹಿಡಿದಿದ್ದ. ಇದಕ್ಕೆ ವಾಪಸ್ ಬಂದಿದ್ದು ಶುಕ್ರವಾರ ಸಂಜೆ. ಮುಖ್ಯ ಕೋಡ್‌ಗೆ ಮರ್ಜ್ ಆಗಿದ್ದು ಸೋಮವಾರ. ಮಂಗಳವಾರ ಟೆಸ್ಟ್ ಮಾಡುವ ಸ್ಟೇಜಿಂಗ್ ಸರ್ವರ್ ಬಿದ್ದಿತ್ತು. ಬುಧವಾರ ಟೆಸ್ಟರ್ ಕೈಗೆ ಸಿಕ್ಕಿತು. ಆಕೆ ಹತ್ತೇ ನಿಮಿಷದಲ್ಲಿ ಕೇಳಿದ ಪ್ರಶ್ನೆ, 'ಜಿಎಸ್‌ಟಿ ನಂಬರ್ ಇಲ್ಲದ ಗ್ರಾಹಕರಿಗೆ ಆ ಜಾಗ ಖಾಲಿ ಬಿಡಬೇಕಾ, ಸಾಲೇ ಬರಬಾರದಾ?' ಯಾರಿಗೂ ಗೊತ್ತಿಲ್ಲ. ಪ್ರಾಡಕ್ಟ್ ಓನರ್ ಇಡೀ ದಿನ ಮೀಟಿಂಗ್‌ನಲ್ಲಿದ್ದರು. ಉತ್ತರ ಬಂದಿದ್ದು ಗುರುವಾರ ಮಧ್ಯಾಹ್ನ. ಒಂದು ಸಾಲಿನ ಬದಲಾವಣೆ. ಶುಕ್ರವಾರ ಡನ್.

ಹತ್ತು ದಿನ. ಕೂತು ಕೂಡಿಸಿದೆವು. ಮನುಷ್ಯರ ಕೈ ಅದರ ಮೇಲೆ ಇದ್ದದ್ದು ಆರೂವರೆ ಗಂಟೆ. ಉಳಿದ ಸಮಯ ಪೂರ್ತಿ ಅದು ಕಾಯ್ತಾ ಇತ್ತು. ಇದನ್ನು ನೋಡಿ ಆ ಹುಡುಗನಿಗೇ ನಗು ಬಂತು. 'ಸರ್, ನಾನು ಆ ಎರಡು ವಾರ ಒಂದು ದಿನವೂ ಖಾಲಿ ಕೂತಿಲ್ಲ' ಅಂದ. ನಿಜವೇ. ಅವನು ಬಿಡುವಿಲ್ಲದೆ ದುಡಿದಿದ್ದ. ಟಿಕೆಟ್ ಮಾತ್ರ ಆರಾಮಾಗಿ ಕೂತಿತ್ತು.

ನೀವೂ ಇದನ್ನೇ ಮಾಡಿ. ಹೋದ ಸ್ಪ್ರಿಂಟ್‌ನಲ್ಲಿ ಮುಗಿದ ಮೂರು ಟಿಕೆಟ್ ತಗೊಳ್ಳಿ. ಹಿಸ್ಟರಿ ತೆರೆದು, ಯಾವ ಕಾಲಂನಲ್ಲಿ ಎಷ್ಟು ದಿನ ಇತ್ತು ಅಂತ ಕಾಗದದ ಮೇಲೆ ಬರೆಯಿರಿ. ಟೀಮ್ ಮುಂದೆ ಇಡಿ. ಭಾಷಣ ಬೇಡ, ಯಾರ ಹೆಸರೂ ಬೇಡ.

ಕಾಯುವುದು ಯಾಕೆ ಇಷ್ಟು ಬೆಳೆಯುತ್ತದೆ? ಎಲ್ಲರೂ ಪೂರ್ತಿ ಬಿಜಿ ಇದ್ದಾರೆ, ಅದಕ್ಕೇ. ಕೇಳೋಕೆ ಉಲ್ಟಾ ಅನಿಸುತ್ತದೆ. ಇಬ್ಬಲೂರು ಜಂಕ್ಷನ್‌ನಲ್ಲಿ ಸಂಜೆ ಆರೂವರೆಗೆ ರಸ್ತೆಯ ಒಂದಡಿ ಜಾಗವೂ ಖಾಲಿ ಇರಲ್ಲ. ರಸ್ತೆಯ ಬಳಕೆ ನೂರಕ್ಕೆ ನೂರು. ಗಾಡಿ ಮಾತ್ರ ಮುಂದೆ ಹೋಗಲ್ಲ, ಅಲ್ವಾ? ಸಾಲುಗಳ ಗಣಿತದಲ್ಲೂ ಇದೇ ಬರುತ್ತದೆ. ಒಬ್ಬರೇ ಕೆಲಸ ಮಾಡುವ ಕಡೆ, ಕೆಲಸ ಹೊತ್ತುಗೊತ್ತಿಲ್ಲದೆ ಬರ್ತಾ ಇದೆ, ಒಂದೊಂದಕ್ಕೆ ಹಿಡಿಯುವ ಹೊತ್ತೂ ಏರುಪೇರಾಗ್ತಾ ಇದೆ ಅಂದುಕೊಳ್ಳಿ. ಅವರು ಶೇ 80ರಷ್ಟು ಬಿಜಿ ಇದ್ದರೆ, ಒಂದು ಕೆಲಸ ಮಾಡೋಕೆ ಹಿಡಿಯುವ ಹೊತ್ತಿನ 4 ಪಟ್ಟು ಸಾಲಲ್ಲಿ ಕಾಯಬೇಕು. ಶೇ 90ಕ್ಕೆ ಅದು 9 ಪಟ್ಟು. ಶೇ 95ಕ್ಕೆ 19 ಪಟ್ಟು. ನಿಮ್ಮ ಇಬ್ಬರು ಟೆಸ್ಟರ್‌ಗಳ ಮುಂದೆ 5 ಟಿಕೆಟ್ ನಿಂತಿವೆ. ನಾನೂ ಟೆಸ್ಟರ್ ಆಗಿಯೇ ಈ ಕಸುಬಿಗೆ ಬಂದವನು, ಹಾಗಾಗಿ ನನ್ನ ಮಾತಲ್ಲಿ ಸ್ವಲ್ಪ ಪಕ್ಷಪಾತ ಇದೆ ಅಂದುಕೊಂಡರೂ ಪರವಾಗಿಲ್ಲ. ಆದರೆ ಆ 5 ಟಿಕೆಟ್ ಅವರ ನಿಧಾನದಿಂದ ನಿಂತಿಲ್ಲ. ಆರು ಜನ ಸೇರಿ ಸ್ಪ್ರಿಂಟ್‌ನ ಎಂಟನೇ ದಿನ ಒಟ್ಟಿಗೆ ಅವರ ಮೇಲೆ ಸುರಿದಿದ್ದಾರೆ.

ಈಗ ಬಿಡದಿಗೆ ಬನ್ನಿ. ತಟ್ಟೆ ಇಡ್ಲಿಗೆ ಅಂತ ಮೈಸೂರು ರಸ್ತೆಯಲ್ಲಿ ಎಷ್ಟು ಸಲ ನಿಲ್ಲಿಸಿರುತ್ತೀರೋ. ಅದೇ ಊರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. ನಿಮ್ಮ ಬೋರ್ಡಿನ ಕಾಲಂಗಳ ಮೂಲ ಜಪಾನಿನ ಟೊಯೊಟಾ ಕಾರ್ಖಾನೆಗಳು. ತಾಯಿಚಿ ಓನೊ ಅನ್ನುವ ಎಂಜಿನಿಯರ್ ಅಲ್ಲಿ ಕಾನ್‌ಬಾನ್ ಪದ್ಧತಿ ಬೆಳೆಸಿದರು. ಕಾನ್‌ಬಾನ್ ಅಂದರೆ ಜಪಾನಿ ಭಾಷೆಯಲ್ಲಿ ಬೋರ್ಡು, ಸೂಚನೆಯ ಹಲಗೆ. ಮುಂದಿನವರು ಒಂದು ಬಿಡಿಭಾಗ ಬಳಸಿದ ಮೇಲೆ ಚೀಟಿ ಹಿಂದಕ್ಕೆ ಬರುತ್ತದೆ. ಚೀಟಿ ಬಂದರೆ ಮಾತ್ರ ಹಿಂದಿನವರು ಇನ್ನೊಂದು ಮಾಡಬೇಕು. ಚೀಟಿ ಇಲ್ಲ ಅಂದರೆ ಕೈ ಕಟ್ಟಿ ನಿಲ್ಲಬೇಕು, ಕೈ ಖಾಲಿ ಇದೆ ಅಂತ ರಾಶಿ ಹಾಕುವ ಹಾಗಿಲ್ಲ. ನಮ್ಮ ಸಾಫ್ಟ್‌ವೇರ್‌ನವರು ಕಾಲಂಗಳನ್ನು ತಂದರು, ಬಣ್ಣಬಣ್ಣದ ಕಾರ್ಡ್ ತಂದರು, ಆ ಮಿತಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. ನನ್ನನ್ನು ಕೇಳಿದರೆ, ಕಾಲಂಗಳಿಗಿಂತ ಆ ಮಿತಿಯೇ ಮುಖ್ಯ.

ನಿಮ್ಮ ಬೋರ್ಡಿಗೆ ನಾನು ಹಾಕುವ ಮಿತಿ ಇದು. ಡೆವಲಪ್‌ಮೆಂಟ್‌ನಲ್ಲಿ (ನಿಮ್ಮ ಇನ್ ಪ್ರೋಗ್ರೆಸ್ ಕಾಲಂ) 4, ರಿವ್ಯೂನಲ್ಲಿ 2, ಟೆಸ್ಟಿಂಗ್‌ನಲ್ಲಿ 2. ಒಟ್ಟು 8. ದಿನಕ್ಕೆ 0.9 ಅನ್ನುವ ವೇಗ ಹಾಗೇ ಉಳಿದರೂ ಒಂದು ಟಿಕೆಟ್‌ಗೆ 9 ದಿನ. ಸ್ಪ್ರಿಂಟ್‌ನೊಳಗೆ ಬಂತು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುವುದು ನಿಂತರೆ ವೇಗವೂ ಸ್ವಲ್ಪ ಹೆಚ್ಚುತ್ತದೆ, ನಾನು ನೋಡಿದ ಟೀಮ್‌ಗಳಲ್ಲಿ ಹಾಗೇ ಆಗಿದೆ. ಆದರೆ 17ರಿಂದ 8ಕ್ಕೆ ಒಂದೇ ಸಲ ಧುಮುಕಬೇಡಿ. ಮೊದಲ ಸ್ಪ್ರಿಂಟ್‌ನಲ್ಲಿ 12ಕ್ಕೆ ಇಳಿಸಿ. ಹೊಸದು ಯಾವುದನ್ನೂ ತೆರೆಯದೆ ಹಳೆಯದನ್ನು ಮುಗಿಸುತ್ತಾ ಬಂದರೆ ತಾನಾಗೇ ಇಳಿಯುತ್ತದೆ. ಅದರ ಮುಂದಿನ ಸ್ಪ್ರಿಂಟ್‌ನಲ್ಲಿ 8.

6 ಜನ ಡೆವಲಪರ್‌ಗಳಿಗೆ 4 ಕೆಲಸ ಅಂದಕೂಡಲೇ 'ಇನ್ನಿಬ್ಬರು ಏನು ಮಾಡಬೇಕು?' ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಮ್ಯಾನೇಜರ್ ಎಲ್ಲರಿಗಿಂತ ಮೊದಲು ಕೇಳುತ್ತಾರೆ. ರಿವ್ಯೂಗೆ ಕಾಯುತ್ತಿರುವುದನ್ನು ನೋಡಬೇಕು. ಅದು ಇಲ್ಲದಿದ್ದರೆ ಟೆಸ್ಟರ್ ಪಕ್ಕ ಕೂತು ಟೆಸ್ಟಿಂಗ್‌ಗೆ ಕೈ ಜೋಡಿಸಬೇಕು. ಅದೂ ಇಲ್ಲದಿದ್ದರೆ ಕಷ್ಟದ ಟಿಕೆಟ್ ಹಿಡಿದವರ ಜೊತೆ ಇಬ್ಬರಾಗಿ ಕೂತು ಬರೆಯಬೇಕು. ಹೊಸ ಟಿಕೆಟ್ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಬೋರ್ಡನ್ನು ಬಲದಿಂದ ಎಡಕ್ಕೆ ಓದಿ. ಡನ್‌ಗೆ ಹತ್ತಿರ ಇರುವುದು ಮೊದಲು.

ಮೊದಲ ವಾರ ಚೆನ್ನಾಗಿರಲ್ಲ, ಈಗಲೇ ಹೇಳಿಬಿಡ್ತೀನಿ. ಹುಡುಗರಿಗೆ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಅಕ್ಕಪಕ್ಕದ ಟೀಮಿನವರೆಲ್ಲ ತಲೆ ಬಗ್ಗಿಸಿ ಕೀಬೋರ್ಡ್ ಕುಟ್ಟುತ್ತಿರುವಾಗ ತಾವು ಇನ್ನೊಬ್ಬರ ಕೋಡ್ ಓದುತ್ತಾ ಕೂತರೆ ಕೆಲಸ ಮಾಡಿದ ಹಾಗೇ ಅನಿಸಲ್ಲ. ಯಾರೋ ಒಬ್ಬರು ಮೆಲ್ಲಗೆ ಬ್ಯಾಕ್‌ಲಾಗ್‌ನಿಂದ, ಅಂದರೆ ಇನ್ನೂ ಶುರುವಾಗದ ಕೆಲಸಗಳ ಪಟ್ಟಿಯಿಂದ, ಒಂದು ಟಿಕೆಟ್ ಎತ್ತಿಕೊಂಡು, ಬೋರ್ಡ್ ಮೇಲೆ ತೋರಿಸದೆ ಮಾಡ್ತಾ ಇರುತ್ತಾರೆ. ಸಿಟ್ಟಾಗಬೇಡಿ. ಕಾಫಿ ಕುಡಿಸಿ, ಬೋರ್ಡ್‌ಗೆ ಹಾಕಿಸಿ.

ರಿವ್ಯೂ ಬಗ್ಗೆ ಎರಡು ಮಾತು. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ರಿವ್ಯೂ ಕಾಲಂನಲ್ಲಿ 4 ಇವೆ. ದೊಡ್ಡ ಪುಲ್ ರಿಕ್ವೆಸ್ಟ್ ಯಾರಿಗೂ ಓದೋಕೆ ಮನಸ್ಸಾಗಲ್ಲ. 900 ಸಾಲು ಕಳಿಸಿದರೆ ಎರಡು ದಿನ ಕಾದು 'ಚೆನ್ನಾಗಿದೆ' ಅಂತ ಒಪ್ಪಿಗೆ ಸಿಗುತ್ತದೆ. 60 ಸಾಲು ಕಳಿಸಿದರೆ ಅರ್ಧ ಗಂಟೆಯಲ್ಲಿ ನಾಲ್ಕು ಒಳ್ಳೆ ಪ್ರಶ್ನೆ ಬರುತ್ತವೆ. ಒಂದು ಕಟ್ಟಳೆ ಮಾಡಿಕೊಳ್ಳಿ. ಬೆಳಗ್ಗೆ ಬಂದಕೂಡಲೇ ಮತ್ತು ಊಟ ಆದಮೇಲೆ, ತಮ್ಮ ಕೋಡ್ ತೆರೆಯುವ ಮೊದಲು ಇನ್ನೊಬ್ಬರದ್ದು ನೋಡಬೇಕು. ದಿನಕ್ಕೆ ಎರಡು ಸಲ. ಚಾಟ್‌ನಲ್ಲಿ 'ದಯವಿಟ್ಟು ನೋಡಿ' ಅಂತ ಗೋಗರೆಯುವುದು ಆಗ ನಿಲ್ಲುತ್ತದೆ.

ಟಿಕೆಟ್ ದೊಡ್ಡದಿದ್ದರೆ ಈ ಮಿತಿಯೆಲ್ಲ ಉಪಯೋಗಕ್ಕೆ ಬರಲ್ಲ. ಎರಡು ದಿನಕ್ಕಿಂತ ಜಾಸ್ತಿ ಕೋಡಿಂಗ್ ಹಿಡಿಯುವುದನ್ನು ಸೀಳಿ. ಎಲ್ಲಿ ಸೀಳಬೇಕು ಅನ್ನುವುದರಲ್ಲೇ ಜನ ಎಡವುತ್ತಾರೆ. ಸ್ಕ್ರೀನ್ ಒಂದು ಟಿಕೆಟ್, ಸರ್ವರ್ ಕೆಲಸ ಒಂದು, ಟೆಸ್ಟಿಂಗ್ ಒಂದು ಅಂತ ಮಾಡಿದರೆ ಮೂರೂ ಮುಗಿಯುವವರೆಗೆ ಯಾರಿಗೂ ಪ್ರಯೋಜನ ಇಲ್ಲ. ಹಲಸಿನ ಹಣ್ಣಿನ ಸಿಪ್ಪೆಯೆಲ್ಲ ಒಬ್ಬರಿಗೆ, ತೊಳೆಯೆಲ್ಲ ಒಬ್ಬರಿಗೆ, ಬೀಜವೆಲ್ಲ ಒಬ್ಬರಿಗೆ ಹಂಚಿದ ಹಾಗೆ. ಆ ಎಚ್‌ಎಸ್‌ಆರ್ ಲೇಔಟ್‌ನವರಿಗೆ ಬಿಲ್ಲನ್ನು ವಾಟ್ಸಾಪ್‌ನಲ್ಲಿ ಕಳಿಸುವ ಸೌಲಭ್ಯ ಬೇಕಿತ್ತು. ಮೂರು ವಾರದ ಕೆಲಸ ಅಂತ ಒಂದೇ ಟಿಕೆಟ್ ಬರೆದಿದ್ದರು. ಸೀಳಿದೆವು. ಮೊದಲ ಹೋಳು, ಅಂಗಡಿಯವರು ಒಂದು ಬಟನ್ ಒತ್ತಿದರೆ ಒಂದು ಬಿಲ್ಲು ಒಂದು ನಂಬರ್‌ಗೆ ಹೋಗಬೇಕು. ಅಷ್ಟೇ. ಹೋಗದಿದ್ದರೆ 'ಹೋಗಲಿಲ್ಲ' ಅಂತ ಹೇಳಿದರೆ ಸಾಕು. ತಾನಾಗೇ ಮತ್ತೆ ಕಳಿಸುವುದು, ಕನ್ನಡದಲ್ಲಿ ಕಳಿಸುವುದು, ತಿಂಗಳ ಬಿಲ್ಲುಗಳನ್ನು ಒಟ್ಟಿಗೆ ಕಳಿಸುವುದು, ಎಲ್ಲ ಆಮೇಲಿನ ಹೋಳುಗಳು. ಮೊದಲ ಹೋಳು ಮೂರೇ ದಿನದಲ್ಲಿ ಅಂಗಡಿಯವರ ಕೈಗೆ ಹೋಯಿತು. ತಿಂಗಳ ಬಿಲ್ಲನ್ನು ಒಟ್ಟಿಗೆ ಕಳಿಸುವ ಸೌಲಭ್ಯ ಯಾರೂ ಕೇಳಲೇ ಇಲ್ಲ. ಅದನ್ನು ಕೊನೆಗೂ ಮಾಡಲಿಲ್ಲ.

ಇನ್ನು ಸ್ಟ್ಯಾಂಡಪ್. 9:30ಕ್ಕೆ ಹೊರ ವರ್ತುಲ ರಸ್ತೆಯಲ್ಲಿ ನಿಮ್ಮ ಅರ್ಧ ಟೀಮ್ ಕ್ಯಾಬ್‌ನಲ್ಲಿ ಮ್ಯೂಟ್ ಮಾಡಿಕೊಂಡು ಕೂತಿರುತ್ತದೆ. ಅದನ್ನು 12:15ಕ್ಕೆ ಇಡಿ. ನಗಬೇಡಿ. ಊಟದ ಹೊತ್ತಿಗೆ ಮೊದಲು ಇಟ್ಟ ಮೀಟಿಂಗ್ ಎಳೆಯಲ್ಲ, ಹಸಿವು ನೋಡಿಕೊಳ್ಳುತ್ತದೆ. ಹುಬ್ಬಳ್ಳಿಯವರಿಗೂ ಅನುಕೂಲ. ಇನ್ನೊಂದು, ಒಬ್ಬೊಬ್ಬರಾಗಿ 'ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಏನು ಅಡ್ಡಿ' ಅಂತ ಒಪ್ಪಿಸುವುದನ್ನು ಬಿಡಿ. ಆ ಮೂರು ಪ್ರಶ್ನೆ ಸ್ಕ್ರಮ್‌ನ, ಅಂದರೆ ನೀವು ಸ್ಪ್ರಿಂಟ್ ಮಾಡುವ ಈ ಪದ್ಧತಿಯ, ಕಾನೂನು ಅಂತ ತುಂಬಾ ಜನ ನಂಬಿದ್ದಾರೆ. 2020ರಲ್ಲಿ ಹೊರಬಂದ ಸ್ಕ್ರಮ್ ಗೈಡ್‌ನಲ್ಲಿ ಅವು ಇಲ್ಲವೇ ಇಲ್ಲ. 15 ನಿಮಿಷ ಅನ್ನುವುದು ಮಾತ್ರ ಇನ್ನೂ ಇದೆ. ಜನರ ಸುತ್ತ ಹೋಗಬೇಡಿ, ಟಿಕೆಟ್‌ಗಳ ಸುತ್ತ ಹೋಗಿ. ಬಲಗಡೆಯಿಂದ ಒಂದೊಂದೇ ಕಾರ್ಡ್ ತೋರಿಸಿ, 'ಇದು ಇವತ್ತು ಮುಂದಕ್ಕೆ ಹೋಗಬೇಕಾದರೆ ಏನು ಬೇಕು?' ಅಂತ ಕೇಳಿ. 8 ಕಾರ್ಡ್ ಇದ್ದರೆ 15 ನಿಮಿಷ ಧಾರಾಳ ಆಯಿತು. 17 ಇದ್ದರೆ ಯಾವ ದೇವರಿಗೂ ಆಗಲ್ಲ.

ಕೊನೆಯ ದಿನದವರೆಗೂ ಅಡ್ಡಿ ಗೊತ್ತಾಗಲ್ಲ ಅಂತ ಬರೆದಿದ್ದೀರಲ್ಲ. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕಂದರೆ ಇದನ್ನು ಕಲಿಸುವ ಕೋರ್ಸ್ ನಾನಂತೂ ನೋಡಿಲ್ಲ. ವೈಟ್‌ಫೀಲ್ಡ್‌ನಲ್ಲಿ ಒಂದು ಟೀಮಿನ ಸ್ಟ್ಯಾಂಡಪ್‌ನಲ್ಲಿ ನಿಂತಿದ್ದೆ. ಎಲ್ಲ ಇಂಗ್ಲಿಷ್‌ನಲ್ಲೇ ನಡೆಯುತ್ತಿತ್ತು. ಒಬ್ಬ ಹುಡುಗ ತನ್ನ ಸರದಿ ಬಂದಾಗ ಇಂಗ್ಲಿಷ್‌ನಲ್ಲಿ ಎರಡು ಸಾಲು ಹೇಳಿದ. ಕೆಲಸ ನಡೀತಿದೆ, ಸಂಜೆಗೆ ಮುಗಿಸ್ತೀನಿ ಅಂತ. ಇಪ್ಪತ್ತು ನಿಮಿಷ ಬಿಟ್ಟು ಕೆಳಗೆ ಟೀ ಅಂಗಡಿಗೆ ಹೋದೆವು. ಬೈಟು ಟೀ ಕೈಗೆ ಬಂದ ತಕ್ಷಣ ಅದೇ ಹುಡುಗ ಶುರು ಮಾಡಿದ, 'ಗುರು, ಆ ಲಾಗಿನ್ ಟೋಕನ್ ಏನೇ ಮಾಡಿದ್ರೂ ಎಕ್ಸ್‌ಪೈರ್ ಆಗ್ತಿದೆ. ಮೂರು ದಿನದಿಂದ ತಲೆ ಕೆಟ್ಟೋಗಿದೆ.' ಪಕ್ಕದಲ್ಲಿದ್ದವಳು ಗ್ಲಾಸ್ ಇಳಿಸಲೂ ಇಲ್ಲ. 'ಅಯ್ಯೋ, ನಂಗೂ ಹೋದ ತಿಂಗಳು ಹಾಗೇ ಆಗಿತ್ತು ಕಣೋ. ಸರ್ವರ್ ಗಡಿಯಾರ ಹಿಂದೆ ಇದ್ಯಾ ನೋಡು.' ಅದೇ ಆಗಿತ್ತು. ಮೂರು ದಿನದ ಕಗ್ಗಂಟು ಅರ್ಧ ಗ್ಲಾಸ್ ಟೀಯಲ್ಲಿ ಬಿಚ್ಚಿತು.

ಆ ಹುಡುಗನಿಗೆ ಇಂಗ್ಲಿಷ್ ಬರಲ್ಲ ಅಂತಲ್ಲ. ಕೋಡ್ ಬಗ್ಗೆ ಗಂಟೆಗಟ್ಟಲೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಾನೆ. 'ನನಗೆ ಗೊತ್ತಾಗ್ತಿಲ್ಲ' ಅನ್ನುವ ಮಾತು ಮಾತ್ರ ಎಲ್ಲರೆದುರು, ಮ್ಯಾನೇಜರ್ ಇರುವ ಕಾಲ್‌ನಲ್ಲಿ, ಇಂಗ್ಲಿಷ್‌ನಲ್ಲಿ ಬಾಯಿಗೆ ಬರಲ್ಲ. ನಮ್ಮಲ್ಲಿ ತುಂಬಾ ಜನರಿಗೆ ಹೀಗೇ. ನನಗೂ ಮೊದಲು ಹಾಗೇ ಇತ್ತು. ನಿಮ್ಮ ಟೀಮ್‌ನಲ್ಲಿ ಕನ್ನಡ ಬಾರದವರೂ ಇರಬಹುದು, ಹಾಗಾಗಿ ಸ್ಟ್ಯಾಂಡಪ್ ಪೂರ್ತಿ ಕನ್ನಡದಲ್ಲಿ ಮಾಡಿ ಅನ್ನಲ್ಲ. ಸಿಕ್ಕಿಕೊಂಡಿದ್ದನ್ನು ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು ಅಂತ ಬಿಟ್ಟುಬಿಡಿ, ಪಕ್ಕದವರು ಅನುವಾದ ಮಾಡಲಿ. ನೀವೇ ಮೊದಲು ಶುರು ಮಾಡಿ. ಲೀಡ್ ಬಾಯಲ್ಲಿ 'ಇದು ನಂಗೆ ಅರ್ಥ ಆಗ್ತಿಲ್ಲ ಕಣ್ರಪ್ಪ, ಯಾರಾದ್ರೂ ಬನ್ನಿ' ಅಂತ ಬಂದರೆ ಉಳಿದವರಿಗೆ ಧೈರ್ಯ ಬರುತ್ತದೆ. ಮ್ಯಾನೇಜರ್‌ಗೆ ಸ್ಟ್ಯಾಂಡಪ್‌ಗೆ ಬರಬೇಡಿ ಅಂತ ನಯವಾಗಿ ಹೇಳೋಕೆ ಆದರೆ ಇನ್ನೂ ಒಳ್ಳೇದು.

ಈಗ ಹುಬ್ಬಳ್ಳಿಯ ಇಬ್ಬರನ್ನು ನೆನೆಸಿಕೊಳ್ಳಿ. ಅವರಿಗೆ ಆ ಟೀ ಅಂಗಡಿಯೇ ಇಲ್ಲ. ಸ್ಟ್ಯಾಂಡಪ್ ಮುಗಿದರೆ ಲ್ಯಾಪ್‌ಟಾಪ್ ಮುಂದೆ ಒಬ್ಬರೇ. ನನ್ನದೇ ಟೀಮ್‌ನಲ್ಲಿ ಆ ಕಡೆಯ ಹುಡುಗಿಯೊಬ್ಬಳಿದ್ದಳು. ಎರಡು ದಿನ ಒಂದೇ ಕಡೆ ಸಿಕ್ಕಿಕೊಂಡಿದ್ದಳು. ಯಾಕಮ್ಮ ಕೇಳಲಿಲ್ಲ ಅಂದರೆ, 'ಕೇಳಬೇಕಂತ ಮಾಡಿದ್ದೆ ರೀ, ನೀವು ಬಿಜಿ ಅದೀರಿ ಅಂತ ಸುಮ್ಮನಾದೆ' ಅಂದಳು. ಆ ಮಾತು ನನಗೆ ಚುಚ್ಚಿತು. ಅಲ್ಲಿಂದ ಎರಡು ಪದ್ಧತಿ ಮಾಡಿದೆವು. ಒಂದು ಗಂಟೆ ತಲೆ ಕೆಡಿಸಿಕೊಂಡರೂ ಬಿಡಿಸಲಾಗದ್ದನ್ನು ಗ್ರೂಪ್‌ನಲ್ಲಿ ಹಾಕಲೇಬೇಕು, ಹಾಕದಿರುವುದೇ ತಪ್ಪು. ಮತ್ತೆ ದಿನಾ ನಾಲ್ಕು ಗಂಟೆಗೆ ಅರ್ಧ ಗಂಟೆ ಒಂದು ಕಾಲ್ ತೆರೆದಿರುತ್ತದೆ. ಅಜೆಂಡಾ ಇಲ್ಲ, ಬರಲೇಬೇಕು ಅಂತಿಲ್ಲ. ಬಂದವರು ಸ್ಕ್ರೀನ್ ತೋರಿಸಿ ಹರಟುತ್ತಾರೆ. ಕೆಲವು ದಿನ ಯಾರೂ ಬರಲ್ಲ. ಇರಲಿ ಬಿಡಿ. ಇನ್ನೊಂದು ಮರೆಯಬೇಡಿ. ಟೀ ಅಂಗಡಿಯಲ್ಲಿ ಏನಾದರೂ ತೀರ್ಮಾನ ಆದರೆ, ಮೇಲೆ ಬಂದವರು ಎರಡು ಸಾಲು ಟಿಕೆಟ್‌ನಲ್ಲಿ ಬರೆಯಬೇಕು. ಇಲ್ಲದಿದ್ದರೆ ಹುಬ್ಬಳ್ಳಿಯವರಿಗೆ ಅದು ಗೊತ್ತಾಗುವುದು ಕೋಡ್ ಒಡೆದಾಗಲೇ.

ಷಿಕಾಗೊ ಕಥೆ ಬೇರೆ. ಅಲ್ಲಿಗೂ ನಮಗೂ ಬೇಸಿಗೆಯಲ್ಲಿ 10 ಗಂಟೆ 30 ನಿಮಿಷ ಅಂತರ, ಚಳಿಗಾಲದಲ್ಲಿ 11 ಗಂಟೆ 30 ನಿಮಿಷ. ಅವರ ಬೆಳಗಿನ 9 ಗಂಟೆ ಅಂದರೆ ನಮಗೆ ಸಂಜೆ 7:30, ನವೆಂಬರ್ ಬಂತೆಂದರೆ ರಾತ್ರಿ 8:30. ಮಧ್ಯಾಹ್ನ ಎದ್ದ ಒಂದು ಸಣ್ಣ ಅನುಮಾನಕ್ಕೆ ಉತ್ತರ ಸಿಗುವುದು ಮರುದಿನ. ಹಾಗಾಗಿ ಅನುಮಾನ ಮಧ್ಯಾಹ್ನ ಏಳದಂತೆ ನೋಡಿಕೊಳ್ಳಬೇಕು. ಟಿಕೆಟ್ ತೆರೆಯುವ ಮೊದಲೇ ಡೆವಲಪರ್, ಟೆಸ್ಟರ್ ಇಬ್ಬರೂ ಕೂತು ಹತ್ತು ನಿಮಿಷ ಉದಾಹರಣೆ ಬರೆಯಲಿ. ಇಂಥ ಗ್ರಾಹಕ ಇದನ್ನು ಒತ್ತಿದರೆ ಇದು ಬರಬೇಕು. ನಂಬರ್ ಇಲ್ಲದಿದ್ದರೆ ಇದು. ತಪ್ಪು ನಂಬರ್ ಕೊಟ್ಟರೆ ಇದು. ಮೂರ್ನಾಲ್ಕು ಸಾಕು. ನನ್ನ ಜಿಎಸ್‌ಟಿ ಟಿಕೆಟ್‌ಗೆ ಇದನ್ನು ಮಾಡಿದ್ದರೆ ಬುಧವಾರದ ಆ ಪ್ರಶ್ನೆ ಮೊದಲ ಸೋಮವಾರವೇ ಬರುತ್ತಿತ್ತು. ಉತ್ತರ ಸಿಗದ ಉದಾಹರಣೆಗಳನ್ನು ಸಂಜೆ ಏಳರೊಳಗೆ ಒಂದೇ ಕಡೆ ಬರೆದು ಕಳಿಸಿ, ನಿಮ್ಮ ಊಹೆಯ ಜೊತೆಗೆ. 'ಏನು ಮಾಡಲಿ?' ಅಂತ ಕೇಳಬೇಡಿ. 'ಸಾಲು ಬರದ ಹಾಗೆ ಮಾಡ್ತಾ ಇದ್ದೀವಿ, ಬೇಡ ಅಂದರೆ ಹೇಳಿ' ಅಂತ ಬರೆಯಿರಿ. ಸಣ್ಣಪುಟ್ಟ ವಿಷಯದಲ್ಲಿ ಬೆಂಗಳೂರಲ್ಲೇ ಒಬ್ಬರು ತೀರ್ಮಾನ ಮಾಡಬಹುದು ಅಂತ ಅವರಿಂದ ಒಪ್ಪಿಗೆ ತಗೊಳ್ಳಿ. ನನ್ನ ಅನುಭವದಲ್ಲಿ ಕೇಳಿದರೆ ಕೊಡುತ್ತಾರೆ, ಯಾರೂ ಕೇಳಿರುವುದಿಲ್ಲ ಅಷ್ಟೇ.

ಕೆಲಸದ ಗಾತ್ರಕ್ಕೆ ಅಂಕ ಕೊಡುವ ಸ್ಟೋರಿ ಪಾಯಿಂಟ್ ಬಗ್ಗೆ ನೀವು ಕೇಳಿಲ್ಲ, ಒಳ್ಳೇದಾಯ್ತು. ಟಿಕೆಟ್‌ಗಳು ಎರಡು ದಿನದ ಹೋಳುಗಳಾದರೆ ಸುಮ್ನೆ ಎಣಿಸಿದರೆ ಸಾಕು.

ಮ್ಯಾನೇಜರ್ ಹೇಳಿದ ಮೂರು ಮದ್ದಿನ ಬಗ್ಗೆ. ಇನ್ನಿಬ್ಬರು ಜನ ಅಂದರೆ ಸದ್ಯಕ್ಕೆ ಬೇಡ ಅನ್ನಿ. ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಮ್ ಮಾಡಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಬರೆದಿದ್ದಾರೆ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ. ಲೆಕ್ಕ ನೋಡಿ. 9 ಜನ ಇದ್ದರೆ ಇಬ್ಬಿಬ್ಬರ ಮಧ್ಯೆ ಮಾತಿನ ದಾರಿಗಳು 36. 11 ಜನ ಆದರೆ 55. ಇಬ್ಬರು ಬಂದರು, ದಾರಿಗಳು 19 ಜಾಸ್ತಿ ಆದವು. ಅವರಿಗೆ ಕಲಿಸಬೇಕಾದವರೂ ಈಗ ಸಿಕ್ಕಿಕೊಂಡಿರುವ ಅದೇ ಹಳಬರು. ಬೋರ್ಡ್ ಹಗುರಾದ ಮೇಲೂ ಟೆಸ್ಟಿಂಗ್ ಮುಂದೆ ಸಾಲು ನಿಲ್ಲುತ್ತಿದ್ದರೆ ಆಗ ಒಬ್ಬ ಟೆಸ್ಟರ್ ಕೇಳಿ.

ಹೊಸ ಟೂಲ್? ಇರುವ ಟೂಲ್‌ನಲ್ಲೇ ಸಾಮಾನ್ಯವಾಗಿ ಕಾಲಂಗೆ ಮಿತಿ ಹಾಕುವ ಜಾಗ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಸಾಫ್ಟ್‌ವೇರ್ ಕೆಲಸ ಹೇಗಿರಬೇಕು ಅನ್ನುವ ಅಜೈಲ್ ಪ್ರಣಾಳಿಕೆ ಬರೆದಾಗ ಅವರ ಮೊದಲ ಮಾತೇ ಇದು, ಪದ್ಧತಿ ಮತ್ತು ಟೂಲ್‌ಗಳಿಗಿಂತ ಜನ ಮತ್ತು ಅವರ ಒಡನಾಟ ಹೆಚ್ಚು. ಅದೇ ಅಜೈಲ್ ಹೆಸರಲ್ಲಿ ಈಗ ಎಷ್ಟು ಟೂಲ್ ಮಾರಾಟ ಆಗುತ್ತಿವೆ ನೋಡಿ. ಎರಡನೇ ಸ್ಟ್ಯಾಂಡಪ್ ಬಗ್ಗೆ ಏನೂ ಹೇಳಲ್ಲ, ಮೊದಲನೆಯದೇ 40 ನಿಮಿಷ.

ಆದರೆ ಇದನ್ನೆಲ್ಲ ಮ್ಯಾನೇಜರ್ ಮುಂದೆ ವಾದ ಮಾಡೋಕೆ ಹೋಗಬೇಡಿ. ಅವರಿಗೂ ಮೇಲಿಂದ ಒತ್ತಡ ಇರುತ್ತದೆ. ಎರಡು ಸ್ಪ್ರಿಂಟ್, ಅಂದರೆ ನಾಲ್ಕು ವಾರ, ಪ್ರಯೋಗ ಅಂತ ಕೇಳಿ. ಪ್ರತಿ ಟಿಕೆಟ್ ಶುರುವಾದ ತಾರೀಖು, ಮುಗಿದ ತಾರೀಖು, ಎರಡೇ ಕಾಲಂ ಒಂದು ಶೀಟ್‌ನಲ್ಲಿ ಬರೆದಿಡಿ. ಈಗಿನ 19 ದಿನ ಎಷ್ಟಕ್ಕೆ ಇಳಿಯಿತು ಅಂತ ಅವರೇ ನೋಡುತ್ತಾರೆ. ಇಳಿಯದಿದ್ದರೆ ನನಗೆ ಮತ್ತೆ ಬರೆಯಿರಿ, ಆ ಶೀಟ್ ಜೊತೆಗೆ. ಆಗ ಬೇರೇನೋ ಇದೆ ಅಂತ ಅರ್ಥ. ಬೇರೆ ಟೀಮಿನ ಸಾಫ್ಟ್‌ವೇರ್‌ಗೆ ಜೋಡಿಸುವ ಎಪಿಐಗೆ ಕಾಯುತ್ತಿರಬಹುದು, ಅಥವಾ ಸ್ಪ್ರಿಂಟ್ ಮಧ್ಯೆ ಪ್ರೊಡಕ್ಷನ್ ತೊಂದರೆಗಳು, ಅಂದರೆ ಗ್ರಾಹಕರು ಬಳಸುತ್ತಿರುವ ಸಾಫ್ಟ್‌ವೇರ್‌ನ ತೊಂದರೆಗಳು, ಬಂದು ಸಮಯ ತಿನ್ನುತ್ತಿರಬಹುದು. ಸ್ಕ್ರೀನ್‌ಶಾಟ್‌ನಲ್ಲಿ ಅದು ಕಾಣುತ್ತಿಲ್ಲ.

ಹಾಂ, ಸ್ಕ್ರೀನ್‌ಶಾಟ್ ಅಂದಾಗ ನೆನಪಾಯ್ತು. ಇನ್ ಪ್ರೋಗ್ರೆಸ್ ಕಾಲಂನ ಕೆಳಗೆ, ಕೊನೆಯಲ್ಲಿ, ರಿಪೋರ್ಟ್ ಸ್ಕ್ರೀನ್ ಬಗ್ಗೆ ಒಂದು ಟಿಕೆಟ್ ಇದೆ. 74 ದಿನದಿಂದ ಅಲ್ಲೇ ಇದೆ ಅಂತ ತೋರಿಸುತ್ತಿದೆ. ಅದರ ಮೇಲಿರುವ ಫೋಟೋ ನಿಮ್ಮ 9 ಜನರ ಪಟ್ಟಿಯಲ್ಲಿ ಯಾರದ್ದೂ ಅಲ್ಲ. ಅವರು ಕೆಲಸ ಬಿಟ್ಟು ಹೋಗಿರಬೇಕು. ಅದನ್ನು ಇವತ್ತೇ ಬ್ಯಾಕ್‌ಲಾಗ್‌ಗೆ ತಳ್ಳಿ. ಸೋಮವಾರ 16ರಿಂದ ಶುರು ಮಾಡಬಹುದು.